ಜಾಂಜಿಬಾರಿಗೆ ಎರಡು ಸೀಟು

ಸೀಟು ಎರಡೇ. ಈ ಮಾತನ್ನು ಆ ಎರಡು ವಾರದಲ್ಲಿ ಎಷ್ಟು ಜನರಿಗೆ ಹೇಳಿದೆನೆಂದರೆ, ಕೊನೆಗೆ ನನಗೇ ಅನುಮಾನ ಬಂದು ಬಸ್ಸು ಹತ್ತಿ ಮುಟ್ಟಿ ನೋಡಿ ಬಂದೆ. ಹದಿಮೂರು, ಹದಿನಾಲ್ಕು. ಎರಡೇ. ಅವುಗಳ ಕಾಲಿಗೆ ಬೆಸುಗೆ ಹಾಕಿದವನು ನಾನು, ಸ್ಪಂಜು ತುಂಬಿ ರೆಕ್ಸಿನ್ ಎಳೆದು ಹೊಲಿದವನು ನಾನು. ಅವು ಮೂರಾಗುವ ಹಾಗಿದ್ದರೆ ಮೊದಲು ನನಗೆ ಗೊತ್ತಾಗಬೇಕಿತ್ತು.

ಕಂಪಾಲಾದ ದೊಡ್ಡ ಬಸ್ ನಿಲ್ದಾಣದ ಹಿಂದೆ ನಮ್ಮ ಶೆಡ್ಡು. ದೂರದ ಊರಿಗೆ ಹೋಗುವ ಬಸ್ಸುಗಳ ಮುರಿದ ಸೀಟು ಸರಿ ಮಾಡುವುದು ನನ್ನ ಕಸುಬು. ದಾರ್ ಎಸ್ ಸಲಾಮಿಗೆ ಬಸ್ಸು ಬಿಡುವ ಹಾಜಿಯೊಬ್ಬರಿದ್ದಾರೆ. ತಪಾಸಣೆಯವರು ಬರುವ ಮೊದಲೇ ಅವರ ನಲವತ್ತೊಂಬತ್ತು ಸೀಟನ್ನೂ ಮುಗಿಸಿಕೊಟ್ಟಿದ್ದೆ. ಹಾಜಿ ಪ್ರತಿಯೊಂದು ಸೀಟಿನಲ್ಲೂ ಒಮ್ಮೆ ಕೂತು, ಕುಲುಕಿ ನೋಡಿ, ಕೆಳಗಿಳಿದು ಬಂದು ಕೇಳಿದರು.

"ಮದ್ವೆಯಾಗಿ ಎಷ್ಟು ದಿನ ಆಯ್ತೋ ಲುಬ್ವಾಮಾ?"

"ಎಂಟು ತಿಂಗಳು, ಹಾಜಿ."

"ಹೆಂಡ್ತೀನ ಎಲ್ಲಿಗೆ ಕರ್ಕೊಂಡು ಹೋಗಿದ್ದೆ?"

"ಮಾರ್ಕೆಟ್ಟಿಗೆ."

ಅವರು ಹೊಟ್ಟೆ ಹಿಡಿದು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ನಕ್ಕು ಮುಗಿದ ಮೇಲೆ ಅವರು ಹೇಳಿದ್ದು ಇಷ್ಟು: ಹೋಗಿ ಬರಲು ಎರಡು ಸೀಟು ಅವರ ಕಡೆಯಿಂದ. ದಾರ್‌ನಿಂದ ಜಾಂಜಿಬಾರಿಗೆ ದೋಣಿ. ಅಲ್ಲಿ ಹಳೇ ಪಟ್ಟಣದಲ್ಲಿ, ಕೆತ್ತನೆ ಬಾಗಿಲಿನ ಮನೆಗಳ ಓಣಿಯಲ್ಲಿ, ಅವರ ತಮ್ಮನ ಮನೆ. ಅದರ ಮಾಳಿಗೆಯ ಮೇಲೆ ಒಂದೇ ಒಂದು ಕೋಣೆ. ಕಿಟಕಿ ತೆಗೆದರೆ ಸುಲ್ತಾನರ ಕಾಲದ ಕೋಟೆ, ಅದರಾಚೆ ಸಮುದ್ರ, ದಿನವಿಡೀ ಬಿಸಿಲು. ಒಟ್ಟು ಒಂಬತ್ತು ದಿನ.

ನನ್ನ ಕಿವಿಗೆ ಸುಲ್ತಾನನೂ ಬೀಳಲಿಲ್ಲ, ಕೋಟೆಯೂ ಬೀಳಲಿಲ್ಲ. ಒಂದು ಕೋಣೆ, ಒಂಬತ್ತು ದಿನ ಎಂಬುದಷ್ಟೇ ಬಿತ್ತು.

ಯಾಕೆಂದರೆ ಮದುವೆಯಾದ ಮೇಲೆ ನಾನೂ ನಬ್ಬೋಸಾಳೂ ಒಂಬತ್ತು ಗಳಿಗೆ ಇಬ್ಬರೇ ಇದ್ದವರಲ್ಲ. ಕಾಟ್ವೆಯ ವಠಾರದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅದರಲ್ಲಿ ಮೂವರು. ಮೂರನೆಯವರು ಸೆಂಗಾ, ಅಂದರೆ ಹೆಂಡತಿಯ ಸೋದರತ್ತೆ. ನಮ್ಮಲ್ಲಿ ಹೆಣ್ಣಿಗೆ ಸಂಸಾರ ಕಲಿಸುವವಳು ಅವಳೇ. ತಾಯಿ ಆಡಲಾರದ ಮಾತನ್ನೆಲ್ಲ ಸೋದರತ್ತೆ ಆಡುತ್ತಾಳೆ. ಮದುವೆಯ ಹೊಸತರಲ್ಲಿ ಬಂದು ನಾಲ್ಕು ದಿನ ಇದ್ದು ಹೋಗುವುದು ಪದ್ಧತಿ. ನಮ್ಮ ಸೆಂಗಾ ಬಂದರು, ಮೊಣಕಾಲು ನೋವೆಂದರು, ಕಂಪಾಲಾದ ಡಾಕ್ಟರೇ ಆಗಬೇಕೆಂದರು, ಇದ್ದರು. ಎಂಟು ತಿಂಗಳಿಂದ ಇದ್ದಾರೆ. ನಡುವೆ ಒಂದು ಬೀರು ನಿಲ್ಲಿಸಿದ್ದೇವೆ. ಬೀರುವಿನ ಈಚೆ ನಾವು, ಆಚೆ ಅವರು. ನಾನು ಹೆಂಡತಿಯ ಕಿವಿಯಲ್ಲಿ, ಉಸಿರೂ ಕೇಳದ ಹಾಗೆ, "ನಾಳೆ ಏನಡುಗೆ" ಎಂದು ಕೇಳಿದರೆ ಬೀರುವಿನ ಆಚೆಯಿಂದ "ಬಾಳೆಕಾಯಿ" ಎಂಬ ಉತ್ತರ ಬರುತ್ತದೆ. ನಾವು ಜಗಳವಾಡಿದ್ದಿಲ್ಲ. ಜಗಳಕ್ಕೂ ಒಂದು ಜಾಗ ಬೇಕು. ಹಾಗಂತ ಸೆಂಗಾಳನ್ನು ಹೊರಡಿ ಎನ್ನುವ ಅಳಿಯ ನಮ್ಮ ಬುಗಾಂಡದಲ್ಲಿ ಇನ್ನೂ ಹುಟ್ಟಿಲ್ಲ.

ನಬ್ಬೋಸಾ ಕೆಲಸ ಮಾಡುವ ಜಡೆ ಹೆಣೆಯುವ ಅಂಗಡಿಗೆ ಅವತ್ತೇ ಓಡಿದೆ. ಅವಳು ಯಾರದೋ ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡಿದ್ದಳು. ವಿಷಯ ಕೇಳಿ ಬೆರಳು ನಿಂತಿತು.

"ಸಮುದ್ರಾನಾ?"

"ಸುತ್ತಲೂ ಸಮುದ್ರವಂತೆ. ನಾವಿಬ್ರೇ."

"ಇಬ್ರೇ," ಎಂದಳು ಅವಳು, ಬಾಯಲ್ಲಿ ಸಕ್ಕರೆ ಇಟ್ಟುಕೊಂಡವಳ ಹಾಗೆ. ಆಮೇಲೆ, "ಸೆಂಗಾಗೆ ಹೇಳಿದ್ಯಾ?"

"ಅವರಿಗ್ಯಾಕೆ?"

"ಗಡಿ ದಾಟಿಸ್ತಿದ್ದೀಯ. ನಮ್ಮನೇಗೆ ತಿಳಿಸ್ಬೇಕಲ್ಲ. ನೀನೇ ಹೋಗಿ ಅಮ್ಮನ ಎದುರು ನಿಂತ್ಕೊಂಡು ಹೇಳ್ತೀಯಾ?"

ಹೇಳಲಾಗುವುದಿಲ್ಲ. ಹೆಣ್ಣು ಕೊಟ್ಟ ಅತ್ತೆಗೂ ಅಳಿಯನಿಗೂ ನಡುವೆ ನಮಗೆ ಓಬುಕೊ ಎಂಬ ಕಟ್ಟುಪಾಡಿದೆ; ಸೆಂಗಾಗೆ ಅದು ತಾಗುವುದಿಲ್ಲ. ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ, ಒಂದೇ ಸೂರಿನ ಕೆಳಗೆ ಉಣ್ಣುವಂತಿಲ್ಲ, ಮಲಗುವಂತಿಲ್ಲ. ಮುರಿದರೆ ಕೈ ನಡುಗುವ ರೋಗ ಹತ್ತುತ್ತದೆ, ಸಾಯುವ ತನಕ ಬಿಡುವುದಿಲ್ಲ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ಬೆಸುಗೆ ಹಾಕುವವನಿಗೆ ಇರುವುದೇ ಕೈ.

ಬಿಳಿಯರು ನಮ್ಮ ದೇಶಕ್ಕೆ ಬರುತ್ತಾರೆ, ಬೆನ್ನಿಗೊಂದು ಚೀಲ, ತಲೆಗೊಂದು ಟೋಪಿ. ಯಾರನ್ನೂ ಕೇಳುವುದಿಲ್ಲ. ಗೊರಿಲ್ಲಾ ನೋಡುತ್ತಾರೆ, ಹೋಗುತ್ತಾರೆ. ಅವರ ಸೋದರತ್ತೆಯರನ್ನೆಲ್ಲ ಎಲ್ಲಿ ಬಚ್ಚಿಟ್ಟಿರುತ್ತಾರೋ ತಿಳಿಯದು.

ಸರಿ, ಸೆಂಗಾಗೆ ಹೇಳಿದೆ. ಸೆಂಗಾ, "ಬರಿಗೈಲಿ ಸುದ್ದಿ ಒಯ್ಯೋಕಾಗುತ್ತಾ ಅಳಿಯಂದ್ರೇ," ಎಂದರು. ಸಕ್ಕರೆ, ಉಪ್ಪು, ಎರಡು ಕಿಲೋ ಮಾಂಸ ಕಟ್ಟಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನನಗೊಂದು ದುರ್ಬುದ್ಧಿ ಬಂತು. ಇವರು ಹೇಳಿದಷ್ಟೇ ಕೊಡುವವನು ನಾನಲ್ಲ, ನನಗೂ ಕೈಯೆತ್ತಿ ಕೊಡಲು ಬರುತ್ತದೆ ಎಂದು ತೋರಿಸುವ ದುರ್ಬುದ್ಧಿ. ಯಾರನ್ನೂ ಕೇಳದೆ ಒಂದು ಗೋಮೆಸಿ, ನಮ್ಮ ಹೆಂಗಸರು ಸಮಾರಂಭಕ್ಕೆ ಉಡುವ ಉಡುಪು, ತಂದು ಬುಟ್ಟಿಯ ಮೇಲಿಟ್ಟೆ. ನೇರಳೆ ಬಣ್ಣದ್ದು, ಭುಜ ಎರಡೂ ಗೋಪುರದ ಹಾಗೆ ಎದ್ದು ನಿಂತದ್ದು, ಸೊಂಟಕ್ಕೆ ಹೊಳೆಯುವ ಪಟ್ಟಿ. ಸೆಂಗಾ ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಎಂಟು ತಿಂಗಳಲ್ಲಿ ಅವರು ಏನೂ ಹೇಳದೆ ಇದ್ದದ್ದು ಅದೊಂದೇ ಸಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶನಿವಾರ ಬೆಳಿಗ್ಗೆ ಅತ್ತೆಯ ಊರು ಎಂಪಿಗಿಗೆ ಹೋದ ಸೆಂಗಾ, ಸಂಜೆ ನಾವು ಕೆಲಸದಿಂದ ಬರುವ ಹೊತ್ತಿಗೆ ಬಂದೇಬಿಟ್ಟಿದ್ದರು. ಕಾಲು ಚಾಚಿ ಕೂತು, ನೀರು ಕುಡಿದು, "ಒಪ್ಪಿದ್ದಾಳೆ," ಎಂದರು.

"ದೇವರು ದೊಡ್ಡವನು," ಎಂದೆ. "ಮಗಳನ್ನ ಕಳಿಸೋಕೆ ತಾನೆ?"

"ಬರೋಕೆ."

"ಯಾರು ಬರೋಕೆ?"

"ನಿಮ್ಮತ್ತೆ. ಕರೆದವರು ನೀವು, ನನ್ನ ಕೇಳ್ತೀರಲ್ಲ."

ನಾನು ನಬ್ಬೋಸಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. "ನೀನು ಕರೆದ್ಯಾ?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.

"ಗೋಮೆಸಿ ಯಾಕೆ ಕಳಿಸಿದ್ರಿ ಮತ್ತೆ?" ಎಂದರು ಸೆಂಗಾ. "ಸುಮ್‌ಸುಮ್ನೆ ಯಾರಾದ್ರೂ ಹೆಂಗಸಿಗೆ ಗೋಮೆಸಿ ಕಳಿಸ್ತಾರಾ? ಮದುವೆಗೆ ಕರೆಯೋರು ಕಳಿಸ್ತಾರೆ, ನಾಮಕರಣಕ್ಕೆ ಕರೆಯೋರು ಕಳಿಸ್ತಾರೆ. ಪ್ರಯಾಣದ ಸುದ್ದಿ ಜೊತೆ ಗೋಮೆಸಿ ಬಂದ್ರೆ, ಉಟ್ಕೊಂಡು ಬಸ್ಸು ಹತ್ತಿ ಅಂತ ತಾನೆ?"

"ನಾನು ಸುಮ್ನೆ, ಗೌರವಕ್ಕೆ..."

"ಅಯ್ಯೋ, ಗೌರವಕ್ಕೆ ಮಾಂಸ ಇತ್ತಲ್ಲ."

ನಬ್ಬೋಸಾ ತಲೆ ಮೇಲೆ ಕೈ ಹೊತ್ತು ಕೂತಳು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ನೀನು?" ಎಂದಳು ಮೆಲ್ಲಗೆ. ಸೆಂಗಾ ಇದ್ದರಲ್ಲ, ಅದಕ್ಕೇ ಮೆಲ್ಲಗೆ.

ಕೊಟ್ಟ ಗೋಮೆಸಿಯನ್ನು ವಾಪಸು ಕೇಳಲಾಗುವುದಿಲ್ಲ. ತಪ್ಪಾಗಿ ಕಳಿಸಿದೆ ಎಂದು ಹೇಳಿಸಲೂ ಆಗುವುದಿಲ್ಲ. ಅದು ಅತ್ತೆಯ ಮುಖಕ್ಕೆ ನೀರೆರಚಿದ ಹಾಗೆ. ಬುಧವಾರದ ಹೊತ್ತಿಗೆ ಅತ್ತೆ ಸೆಂಗಾ ಜೊತೆ ಹೋಗಿ ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು, ಅದರ ಸಾಕ್ಷಿಗೆ ಹಳದಿ ಪುಸ್ತಕ ಪಡೆದರೆಂದು ಸುದ್ದಿ ಬಂತು. ಗುರುವಾರ ಗಡಿ ದಾಟುವ ಕಾಗದ ಮಾಡಿಸಿಕೊಂಡರಂತೆ. ಶುಕ್ರವಾರ ಚರ್ಚಿನ ಹೆಂಗಸರೆಲ್ಲ ಸೇರಿ ಅವರಿಗಾಗಿ ಪ್ರಾರ್ಥನೆ ಮಾಡಿದರಂತೆ, ಅಳಿಯನ ಹೆಸರು ಹೇಳಿ.

ಅಳಿಯನ ಹೆಸರು ಅತ್ತೆಗೆ ಮದುವೆಗೆ ಮೊದಲೇ ಗೊತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವರೇ ಬರೆದ ಹೆಸರು ಅದು. ಎಂಪಿಗಿಯ ಚರ್ಚ್ ಶಾಲೆಯಲ್ಲಿ ಟೀಚರ್ ನಾಲ್ವೋಗಾ ಎಂದರೆ ಗೋಡೆಯೂ ನೆಟ್ಟಗೆ ನಿಲ್ಲುತ್ತಿತ್ತು. ಏಳನೇ ತರಗತಿಯಲ್ಲಿ ಒಂದು ಬೆಳಿಗ್ಗೆ ಹೆಡ್‌ಮಾಸ್ಟರು ಒಂದು ಪಟ್ಟಿ ಕಳಿಸಿದರು. ಪರೀಕ್ಷೆಯ ಫೀಸು ಕಟ್ಟದವರು ಎದ್ದು ಮನೆಗೆ ಹೋಗಬೇಕು. ಟೀಚರ್ ಪಟ್ಟಿ ಓದಿದರು, ಆಮೇಲೆ ನಮಗೆ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಪೂರ್ವ ಕರಾವಳಿಯ ನಕ್ಷೆ ಬರೆಯತೊಡಗಿದರು. ನಾನು ಎದ್ದೆ, ಬಾಗಿಲ ತನಕ ನಡೆದೆ, ಬಾಗಿಲಲ್ಲಿ ನಿಂತೂ ನೋಡಿದೆ. ಆಕೆ ತಿರುಗಲಿಲ್ಲ. ಸೀಮೆಸುಣ್ಣ ಕಿರ್ ಎನ್ನುತ್ತಿತ್ತು. ಅವತ್ತು ಹೊತ್ತಿಕೊಂಡ ಸಿಟ್ಟು ಹದಿಮೂರು ವರ್ಷವಾದರೂ ಆರಿಲ್ಲ. ಅವರ ಮಗಳನ್ನು ಯಾಕೆ ಮದುವೆಯಾದೆ ಎಂದು ಯಾರಾದರೂ ಕೇಳಿದರೆ, ಮಗಳು ತಿರುಗಿ ನೋಡಿದಳು, ಅದಕ್ಕೆ.

ಶೆಡ್ಡಿನಲ್ಲಿ ನನ್ನ ಜೊತೆಗಾರ ಓಕಿರೋರ್. ದೂರದ ಸೊರೋಟಿ ಕಡೆಯವನು, ನಮ್ಮ ಪದ್ಧತಿಯವನಲ್ಲ. ಕಥೆ ಕೇಳಿ ಅವನಿಗೆ ಕೆಲಸ ಮಾಡಲು ಆಗಲಿಲ್ಲ, ಸೀಟಿನ ಮೇಲೆ ಬಿದ್ದು ಉರುಳಾಡಿದ.

"ಲೇ ಲುಬ್ವಾಮಾ, ಪ್ರಪಂಚದಲ್ಲಿ ಎಲ್ಲಾ ಹನಿಮೂನಿಗೆ ಹೆಂಡ್ತೀನ ಕರ್ಕೊಂಡು ಹೋಗ್ತಾರೆ. ಅತ್ತೇಗೆ ಗೋಮೆಸಿ ಕೊಟ್ಟು ಹನಿಮೂನಿಗೆ ಕರೆದೋನು ನೀನೊಬ್ನೇ ಕಣೋ."

"ನಗು. ನಿನ್ನ ಬಾಯಿಗೆ ಬೆಸುಗೆ ಹಾಕ್ತೀನಿ."

"ಹಾಕು ನೋಡೋಣ. ಕೈ ನಡುಗ್ತಿದ್ಯಲ್ಲೋ ಆಗ್ಲೇ."

ನೋಡಿಕೊಂಡೆ. ನಡುಗುತ್ತಿತ್ತು. ಸಿಟ್ಟಿಗೋ, ಇನ್ನೊಂದಕ್ಕೋ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಎಲ್ಲರೂ ನನ್ನ ಪ್ರವಾಸದ ಯೋಜನೆ ಮಾಡತೊಡಗಿದರು, ನನ್ನೊಬ್ಬನನ್ನು ಬಿಟ್ಟು. ಓಕಿರೋರ್ ಹೇಳಿದ: "ಬಸ್ಸೇನು ಮನೇನಾ? ರಸ್ತೆ ಎಲ್ಲರದ್ದು. ಓಬುಕೊ ರಸ್ತೆ ಮೇಲೆ ನಡೆಯಲ್ಲ." ಅದನ್ನು ಮನೆಗೆ ಒಯ್ದು ಸೆಂಗಾಗೆ ಹೇಳಿದರೆ ಅವರು, "ಬಸ್ಸಿಗೆ ಸೂರು ಇದೆಯೋ ಇಲ್ವೋ?" ಎಂದರು. ಇದೆ ಎಂದೆ. "ಹಾಗಾದ್ರೆ ಒಂದೇ ಸೂರು," ಎಂದರು. ಚರ್ಚಿನ ಪಾದ್ರಿಯವರನ್ನು ಕೇಳಿದೆ. ಅವರು, "ಇದೆಲ್ಲ ಬೈಬಲ್ಲಿನಲ್ಲಿ ಇಲ್ಲಪ್ಪ, ಮೂಢನಂಬಿಕೆ," ಎಂದರು. ನಾನು ಎದ್ದು ಹೊರಡುವಾಗ, "ಆದ್ರೂ ಹಾಗೆ ಮಾಡ್ಬೇಡ," ಎಂದರು.

ಕೊನೆಗೆ ಸೆಂಗಾ ಎಲ್ಲವನ್ನೂ ತಾವೇ ಬಗೆಹರಿಸಿದರು. ಬಾಳೆಕಾಯಿ ಸಿಪ್ಪೆ ಕೆರೆಯುತ್ತಲೇ ಹೇಳಿದರು.

"ನೋಡಿ, ತಾಯಿ ಮಗಳು ಸೀಟಲ್ಲಿ ಕೂತ್ಕೋತಾರೆ. ನೀವು ಮುಂದೆ ಡ್ರೈವರ್ ಪಕ್ಕ, ಇಂಜಿನ್ ಮೇಲೆ. ಹಿಂದೆ ತಿರುಗಿ ನೋಡ್ಬೇಡಿ, ಅಷ್ಟೇ."

"ಮೂವತ್ತು ಗಂಟೆ?"

"ದೃಷ್ಟಿ ರಸ್ತೆ ಮೇಲೆ ಇರಲಿ. ದೋಣೀಲಿ ಮೇಲಂತಸ್ತು ಇದೆಯಂತೆ, ನೀವು ಅಲ್ಲಿ ನಿಂತ್ಕೊಳಿ."

"ಅಲ್ಲಿ ಹೋದ್ಮೇಲೆ? ಕೋಣೆ ಒಂದೇ ಇರೋದು, ಸೆಂಗಾ."

"ತಾಯಿ ಮಗಳಿಗೆ ಒಂದು ಸಾಕಲ್ಲ. ನೀವು ಕೆಳಗೆ ಯಾವ್ದಾದ್ರೂ ಮಸೀದಿ ಕಟ್ಟೆ ಮೇಲೆ ಮಲಗಿ. ಬಿಸಿಲಿನ ಊರು, ಚಳಿ ಏನಿರಲ್ಲ."

ಹಾಗೆ ನನ್ನ ಒಂಬತ್ತು ದಿನ ಮಸೀದಿ ಕಟ್ಟೆಯ ಮೇಲೆ ಬಂದು ಕೂತಿತು. ನಾನು ಹೊರಗೆ ಬಂದೆ. ನಲ್ಲಿಯ ಹತ್ತಿರ ನಬ್ಬೋಸಾ ಡಬ್ಬಕ್ಕೆ ನೀರು ಹಿಡಿಯುತ್ತಿದ್ದಳು.

"ಅಮ್ಮಂಗೆ ನೀನು ಹೇಳು," ಎಂದೆ. "ಮಗಳು ಹೇಳಿದ್ರೆ ತಪ್ಪಿಲ್ಲ."

"ಏನಂತ ಹೇಳ್ಲಿ? ಸೂಜಿ ಚುಚ್ಚಿಸ್ಕೊಂಡು ತೋಳು ಊದಿಸ್ಕೊಂಡು ಕೂತಿದ್ದಾಳೆ. ಹುಟ್ಟಿದಾಗಿಂದ ನಮ್ಮಮ್ಮ ಎಲ್ಲಿಗೂ ಹೋದವಳಲ್ಲ. ನಾನು ಬೇಡ ಅನ್ಲಾ?"

"ಹಾಗಾದ್ರೆ ನಿಂಗೆ ಅಮ್ಮ ಬಂದ್ರೆ ಸರಿ."

"ನಾನು ಹಾಗಂದ್ನಾ?"

"ಮತ್ತೇನಂದೆ?"

"ನನ್ಗೆ ಸಮುದ್ರ ನೋಡ್ಬೇಕು. ನಿನ್ ಜೊತೆ ನೋಡ್ಬೇಕು. ಅಮ್ಮಂಗೂ ನೋವಾಗ್ಬಾರ್ದು. ಇದರಲ್ಲಿ ತಪ್ಪು ಯಾವ್ದು ಹೇಳು, ಅದನ್ನ ಬಿಡ್ತೀನಿ."

ಡಬ್ಬ ತುಂಬಿ ಹರಿಯುತ್ತಿತ್ತು. ವಠಾರದ ಹೆಂಗಸರು ಕಿವಿ ಇಟ್ಟು ಕೇಳುತ್ತಿದ್ದರು. ಅವಳು ಡಬ್ಬ ಹೊತ್ತು ಹೊರಟಳು.

ಭಾನುವಾರ ನಾನೇ ಎಂಪಿಗಿಗೆ ಹೊರಟೆ. ಯಾರಿಗೂ ಹೇಳಲಿಲ್ಲ. ದಾರಿಯುದ್ದಕ್ಕೂ ವ್ಯಾನಿನಲ್ಲಿ ಕೂತು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ: ಕ್ಷಮಿಸಿ, ತಪ್ಪಾಯಿತು, ಸೀಟು ಎರಡೇ, ನಾವಿಬ್ಬರೇ ಹೋಗುತ್ತೇವೆ. ಹದಿಮೂರು ವರ್ಷದ ಸಿಟ್ಟು ಜೊತೆಗಿತ್ತು, ಧೈರ್ಯಕ್ಕೆ ಅಷ್ಟು ಸಾಕೆಂದುಕೊಂಡೆ.

ಅತ್ತೆಯ ಮನೆಯ ಅಂಗಳದಲ್ಲಿ, ಮೆಟ್ಟಿಲಿನಿಂದ ಹತ್ತು ಮಾರು ದೂರದಲ್ಲಿ, ಹಲಸಿನ ಮರಕ್ಕೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತೆ. ಅವರು ಒಳಗೆ, ಅರ್ಧ ಮುಚ್ಚಿದ ಬಾಗಿಲ ಹಿಂದೆ. ಇಬ್ಬರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಇಷ್ಟು ದೂರದಲ್ಲಿ ಮಾತಾಡಿದರೆ ಓಬುಕೊ ಮುರಿಯುವುದಿಲ್ಲ. ಹಗಲು ಹೇಗಿದೆ, ಮನೆ ಹೇಗಿದೆ, ಕೆಲಸ ಹೇಗಿದೆ ಎಂಬ ಕುಶಲಪ್ರಶ್ನೆಗಳೆಲ್ಲ ಮುಗಿದವು. ಅದೇ ದನಿ. ನನ್ನ ಬೆನ್ನು ತಾನೇ ನೆಟ್ಟಗಾಯಿತು.

"ಬಸ್ಸು ಹೇಗಿದೆ?" ಎಂದರು.

"ಚೆನ್ನಾಗಿದೆ, ಅಮ್ಮ. ಸೀಟು... ಸೀಟು ಎರಡೇ."

"ಗೊತ್ತು. ನಾನು ಗಣಿತಾನೂ ಕಲಿಸಿದವಳು."

ನಾನು ಹಲಸಿನ ಮರ ನೋಡಿದೆ. ಬಾಯಿಪಾಠ ಮಾಡಿದ ವಾಕ್ಯ ಎಲ್ಲಿ ಹೋಯಿತೋ.

"ಗೋಮೆಸಿ ಬಂದ ದಿನ ನಾನೂ ಯೋಚಿಸ್ದೆ," ಎಂದರು ಅವರು. "ಈ ಹುಡುಗ ನನ್ನ ಯಾಕೆ ಕರೀತಾನೆ ಅಂತ. ನಮ್ಮ ಮಧ್ಯೆ ಓಬುಕೊ ಇದೆ. ಅದಕ್ಕಿಂತ ಮೊದ್ಲು ಶಾಲೆ ಇದೆ. ಆದ್ರೂ ಕರೆದಿದ್ದಾನೆ. ಉತ್ತರ ಸಿಗ್ಲಿಲ್ಲ. ಸೂಜಿ ಚುಚ್ಚಿಸ್ಕೊಂಡು ಬಂದೆ."

ಅವರೇ ಮುಂದುವರಿಸಿದರು.

"ಮೂವತ್ತೊಂದು ವರ್ಷ ಆ ಕರಾವಳೀನ ಬೋರ್ಡಿನ ಮೇಲೆ ಬರೆದೆ. ಮೊಂಬಾಸಾ, ಪೆಂಬಾ, ಜಾಂಜಿಬಾರ್, ಕಿಲ್ವಾ. ಜಾಂಜಿಬಾರನ್ನ ಯಾವಾಗ್ಲೂ ದೊಡ್ಡದಾಗಿ ಬರೀತಿದ್ದೆ. ಅದು ಅಷ್ಟು ದೊಡ್ಡದಲ್ಲ, ಪುಸ್ತಕದಲ್ಲಿ ನೋಡಿದ್ರೆ ಒಂದು ಅಕ್ಕಿಕಾಳು. ಅಕ್ಕಿಕಾಳಷ್ಟು ಬರೆದ್ರೆ ಹಿಂದಿನ ಬೆಂಚಿಗೆ ಕಾಣಿಸಲ್ಲ."

"ನಾನು ಹಿಂದಿನ ಬೆಂಚು."

"ಗೊತ್ತು."

ಆಗ ನನ್ನ ಬಾಯಿಂದ ಬೇರೆಯದೇ ಮಾತು ಬಂತು. "ಅವತ್ತು ನೀವು ತಿರುಗಿ ನೋಡ್ಲಿಲ್ಲ."

ಒಳಗೆ ಕುರ್ಚಿ ಸ್ವಲ್ಪ ಕಿರುಗುಟ್ಟಿತು. ಯಾವ ದಿನ ಎಂದು ಅವರು ಕೇಳಲಿಲ್ಲ.

"ತಿರುಗಿದ್ರೆ ಬರೆಯೋಕೆ ಆಗ್ತಿರ್ಲಿಲ್ಲ," ಎಂದರು. "ಇನ್ನೂ ಎಪ್ಪತ್ತು ಮಕ್ಕಳು ಕೂತಿದ್ರು."

ಇದು ಕ್ಷಮೆ ಕೇಳಿದ್ದೋ, ಪಾಠ ಹೇಳಿದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಸಿಟ್ಟನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ, ಎರಡು ಕೈಯಲ್ಲೂ ಬಿಸಿ ಪಾತ್ರೆ ಹಿಡಿದವನ ಹಾಗೆ ಕೂತಿದ್ದೆ.

"ಬೇಡ ಅನ್ನೋಕೆ ಬಂದಿದ್ದೀರಿ ತಾನೆ?" ಎಂದರು ಅತ್ತೆ. ಈಗ ಬಹುವಚನ, ಅಳಿಯನಿಗೆ ಸಲ್ಲುವ ಬಹುವಚನ. "ಹೇಳಿ. ನನಗೆ ಬೇಜಾರಿಲ್ಲ. ಗೋಮೆಸಿ ಚರ್ಚಿಗೂ ಆಗುತ್ತೆ."

ಗೋಮೆಸಿ ಚರ್ಚಿಗೂ ಆಗುತ್ತೆ ಎಂದುಬಿಟ್ಟರು. ಬೈದಿದ್ದರೆ, ಹಂಗಿಸಿದ್ದರೆ, ಅತ್ತಿದ್ದರೂ ಸರಿ, ನಾನು ಬೇಡ ಎಂದು ಎದ್ದು ಬರುತ್ತಿದ್ದೆ. ನಾನು ಬಾಯಿ ತೆರೆದೆ. ಬೇಡ ಎಂದು ಹೇಳಲು ತೆರೆದ ಬಾಯಿ ಅದು, ದೇವರಾಣೆ.

"ಸೆಂಗಾ ಬರ್ತಾರೆ ನಿಮ್ ಜೊತೆ," ಎಂದೆ. "ಎರಡೂ ಸೀಟು ನಿಮ್ದೇ."

ಅಂಗಳದಲ್ಲಿ ಒಂದು ಕೋಳಿ ಕೆದರುತ್ತಿತ್ತು. ಅದೂ ನಿಂತಿತು.

"ಅವಳು ದಾರಿಯುದ್ದಕ್ಕೂ ಮಾತಾಡ್ತಾಳೆ," ಎಂದರು ಅತ್ತೆ.

"ಗೊತ್ತು, ಅಮ್ಮ."

"ಎಷ್ಟು ಗಂಟೆ ದಾರಿ?"

"ಮೂವತ್ತು. ಆಮೇಲೆ ದೋಣಿ."

ಬಾಗಿಲ ಹಿಂದೆ ಒಂದು ಸಣ್ಣ ಶಬ್ದ ಬಂತು. ಟೀಚರ್ ನಾಲ್ವೋಗಾ ನಕ್ಕರೋ, ಕೆಮ್ಮಿದರೋ, ಏಳು ವರ್ಷ ಅವರ ಶಾಲೆಯಲ್ಲಿ ಕೂತ ನನಗೆ ಹೇಳಲಾಗಲಿಲ್ಲ. ಆಗ ಎರಡನ್ನೂ ಕೇಳಿದವನಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ನನ್ನ ತೊಡೆಗೆ ನಾನೇ ಗುದ್ದಿಕೊಂಡೆ. ಪಕ್ಕದವನು ಜಾಗ ಬದಲಿಸಿ ಕೂತ. ಎತ್ತು ಕಳೆದುಕೊಂಡವನು ಹಗ್ಗವನ್ನೂ ದಾನ ಕೊಟ್ಟು ಬಂದಂತಾಗಿತ್ತು. ಯಾಕೆ ಹಾಗೆ ಹೇಳಿದೆ? ಯಾರು ಹೇಳಿಸಿದರು? ಒಂದು ಸೀಟು ಹೋಗುತ್ತಿತ್ತು, ಈಗ ಎರಡೂ ಹೋಯಿತು.

ಸೆಂಗಾಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. "ನನ್ನ ಮೊಣಕಾಲು ತಡೆಯುತ್ತೋ ಇಲ್ವೋ," ಎಂದು ರಾಗ ಎಳೆದರು. ಎಳೆಯುತ್ತಲೇ ಬೀರುವಿನ ಆಚೆ ಹೋಗಿ ಚೀಲಕ್ಕೆ ಕೈ ಹಾಕಿ ಹಳದಿ ಪುಸ್ತಕ ತೆಗೆದರು, ಗಡಿ ದಾಟುವ ಕಾಗದವನ್ನೂ ತೆಗೆದರು. ಎರಡರಲ್ಲೂ ಹೋದ ವಾರದ ತಾರೀಖು.

"ಇದನ್ನ ಯಾವಾಗ ಮಾಡಿಸಿದ್ರಿ?"

"ಅತ್ತಿಗೆ ಜೊತೆ ಹೋಗಿದ್ನಲ್ಲ, ಸಾಲಲ್ಲಿ ನಿಂತಿದ್ದೆ, ಹೇಗಿದ್ರೂ ನಿಂತಿದ್ದೀನಿ, ಇರಲಿ ಅಂತ," ಎಂದರು ಸೆಂಗಾ. ನನ್ನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ.

ನಬ್ಬೋಸಾ ಅಂಗಡಿಗೆ ಬರುವವರಿಗೆಲ್ಲ ಸಮುದ್ರದ ಸುದ್ದಿ ಹೇಳಿಯಾಗಿತ್ತು. ಅಗಲ ಅಂಚಿನ ಒಂದು ಹುಲ್ಲು ಟೋಪಿ ತಂದು ಗೋಡೆಗೆ ನೇತುಹಾಕಿಯಾಗಿತ್ತು. ವಿಷಯ ಕೇಳಿ ಅವಳ ಬಾಯಿ ಹೊಲಿದ ಹಾಗೆ ಮುಚ್ಚಿಕೊಂಡಿತು. ನಾಲ್ಕು ದಿನ ನನ್ನ ಜೊತೆ ಮಾತೇ ಇಲ್ಲ. ಆಡಬೇಕಾದ್ದನ್ನು ಸೆಂಗಾ ಮೂಲಕ ಆಡುತ್ತಿದ್ದಳು, ನಾನು ಎರಡು ಮೊಳ ದೂರದಲ್ಲೇ ಕೂತಿದ್ದರೂ.

"ಸೆಂಗಾ, ಊಟ ಆಗಿದೆ ಅಂತ ಹೇಳಿ."

"ಅಳಿಯಂದ್ರೇ, ಊಟ ಆಗಿದೆಯಂತೆ."

"ಸೆಂಗಾ, ಹಸಿವಿಲ್ಲ ಅಂತ ಹೇಳಿ."

"ಇಲ್ಲ ಅನ್ಬೇಡಿ, ಕಡಲೆಕಾಯಿ ಸಾರು ಮಾಡಿದ್ದಾಳೆ," ಎನ್ನುತ್ತಿದ್ದರು ಸೆಂಗಾ, ಸ್ವಂತ ಕಡೆಯಿಂದ.

ಹೊರಡುವ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಾನು ಎರಡು ಬಸ್ಸಿನ ಆಚೆ ನಿಂತೆ, ಅತ್ತೆ ಎದುರಾಗದ ಹಾಗೆ. ಚಕ್ರಗಳ ಸಂದಿಯಿಂದ ಮೊದಲು ಕಂಡದ್ದು ನೇರಳೆ ಅಂಚು, ಪಾಲಿಶ್ ಹಾಕಿದ ಕರಿ ಬೂಟು. ಹಿಂದೆಯೇ ಸೆಂಗಾ, ತಲೆಯ ಮೇಲೆ ಒಂದು ಇಡೀ ಬಾಳೆಗೊನೆ.

"ಅದ್ಯಾಕೆ ಗೊನೆ?" ಎಂದು ಕಂಡಕ್ಟರ್ ಕೇಳುವುದು ಕೇಳಿಸಿತು.

"ಅಲ್ಲಿಯವರಿಗೆ ಬೇಯಿಸೋಕೆ ಬರುತ್ತೋ ಇಲ್ವೋ, ಯಾರಿಗ್ಗೊತ್ತು. ಮೇಲೆ ಹಾಕಪ್ಪ, ಮೆತ್ತಗೆ. ಮೆತ್ತಗೆ ಅಂದೆ."

ಮೆಟ್ಟಿಲು ಹತ್ತುವಾಗ ಸೆಂಗಾಳ ಮೊಣಕಾಲಿಗೆ ಏನೂ ಆದಂತೆ ಕಾಣಲಿಲ್ಲ. ಓಕಿರೋರ್ ನನ್ನ ಹೆಗಲಿಗೆ ಗದ್ದ ಊರಿ ನಿಂತಿದ್ದ. "ಟಾಟಾ ಮಾಡೋ," ಎಂದ. "ನಿನ್ನ ಹನಿಮೂನು ಹೊರಡ್ತಾ ಇದೆ."

ಹದಿಮೂರನೇ ಸೀಟಿನ ಕಿಟಕಿಯಲ್ಲಿ ನೇರಳೆ ಭುಜದ ತುದಿ ಕಂಡಿತು. ಮುಖ ಕಾಣಲಿಲ್ಲ. ಆ ಸೀಟಿನ ಎಡಗಾಲಿಗೆ ನಾನು ಎರಡು ಸಲ ಬೆಸುಗೆ ಹಾಕಿದ್ದೇನೆ, ಅಲುಗಾಡುವುದಿಲ್ಲ ಎಂದು ಯಾರಿಗೋ ಹೇಳಬೇಕೆನಿಸಿತು. ಬಸ್ಸು ಹೋಯಿತು. ನಬ್ಬೋಸಾ ಅದು ತಿರುವು ದಾಟುವ ತನಕ ಕೈ ಬೀಸಿದಳು. ಆಮೇಲೆ ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಇಳಿಸಿದಳು.

ಮನೆಗೆ ನಡೆದೇ ಬಂದೆವು, ಅವಳು ಮುಂದೆ, ನಾನು ಹಿಂದೆ. ಬೀಗ ತೆಗೆದು ಒಳಗೆ ಬಂದಾಗ ಹೊತ್ತು ಇನ್ನೂ ನೆತ್ತಿಗೆ ಏರಿರಲಿಲ್ಲ. ಕೋಣೆ ದೊಡ್ಡದಾಗಿತ್ತು. ಹೇಗೆ ದೊಡ್ಡದಾಯಿತೆಂದು ನಾನು ಸುತ್ತ ನೋಡಿದೆ. ಬೀರು ಅಲ್ಲೇ ಇತ್ತು, ಮಂಚ ಅಲ್ಲೇ ಇತ್ತು. ಬಾಗಿಲಲ್ಲೇ ನಿಂತು ಬೆರಳು ಮಡಚಿದೆ. ಒಂದು ಕೋಣೆ. ಒಂಬತ್ತು ದಿನ. ಮತ್ತೆ ಮಡಚಿದೆ. ನಾನು ಹಾಜಿಯ ಬಾಯಿಂದ ಕೇಳಿಸಿಕೊಂಡದ್ದು ಇದನ್ನೇ ಅಲ್ಲವೇ? ಇದನ್ನು ನಾನು ಮಾಡಿದೆನೋ, ಸೆಂಗಾ ಮಾಡಿದರೋ, ಬಾಗಿಲ ಹಿಂದೆ ಕೆಮ್ಮಿದವರು ಮಾಡಿದರೋ? ತಲೆಗೆ ಹುಳ ಬಿಟ್ಟುಕೊಂಡಂತಾಗಿ, ಏನೋ 'ಗೆದ್ದೆ' ಎನ್ನುವಂಥ ಒಂದು ನಗು ಬಂದು, ಅದನ್ನು ಹೆಂಡತಿಗೆ ತೋರಿಸಲು ತಿರುಗಿದೆ.

ಅವಳು ನಗುತ್ತಿರಲಿಲ್ಲ.

"ನನ್ ಸಮುದ್ರಾನ ದಾನ ಮಾಡಿದೆ ನೀನು," ಎಂದಳು.

"ನಬ್ಬೋಸಾ, ನೋಡು, ಈಗ ನಾವಿಬ್ರೇ..."

"ನನ್ನ ಕೇಳ್ದೆ." ಅವಳ ದನಿ ಏರಿತು. ನಮ್ಮ ಮನೆಯೊಳಗೆ ಅವಳ ದನಿ ಇಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳಿಗೂ ಅದೇ ಮೊದಲಿರಬೇಕು, ಒಂದು ಗಳಿಗೆ ನಿಂತು ತನ್ನ ದನಿಯನ್ನೇ ಕೇಳಿಸಿಕೊಂಡಳು, ಇನ್ನೊಂದು ಮೆಟ್ಟಿಲು ಏರಿಸಿದಳು. "ಗೋಮೆಸಿ ಕಳಿಸ್ದೆ, ನನ್ನ ಕೇಳ್ಳಿಲ್ಲ. ಎಂಪಿಗಿಗೆ ಹೋದೆ, ನನ್ನ ಕೇಳ್ಳಿಲ್ಲ. ಎರಡೂ ಸೀಟು ಕೊಟ್ಟೆ. ಹದಿಮೂರು ನಿಂದು, ಕೊಡು. ಹದಿನಾಲ್ಕು ಯಾರದು?"

ನಾನು ಏನೋ ಹೇಳಲು ಹೋದೆ. ನಿಮ್ಮಮ್ಮನಿಗೇ ಕೊಟ್ಟದ್ದು, ನೋವಾಗಬಾರದು ಎಂದವಳು ನೀನೇ, ಹಾಗೆಲ್ಲ. ಹದಿಮೂರು ವರ್ಷದಿಂದ ನಾನು ಊರ ಮೇಲೆ, ಶಾಲೆಯ ಮೇಲೆ, ಸೆಂಗಾ ಮೇಲೆ, ಪ್ರಪಂಚದ ಮೇಲೆ ಸಿಟ್ಟಾಗಿಯೇ ಇದ್ದೇನೆ. ನನ್ನ ಮೇಲೆ ಒಬ್ಬರು ಸಿಟ್ಟಾಗಬಹುದು, ಅದಕ್ಕೆ ಅವರ ಕೈಯಲ್ಲಿ ಕಾರಣವೂ ಇರಬಹುದು ಎಂದು ಹೊಳೆದೇ ಇರಲಿಲ್ಲ.

"ನಿಂದು," ಎಂದೆ.

ಅವಳು ದಾಪುಗಾಲು ಹಾಕಿ ನನ್ನ ಕಡೆ ಬಂದಳು. ಹೊರಗೆ ಹೋಗುತ್ತಾಳೆಂದುಕೊಂಡು ದಾರಿ ಬಿಟ್ಟೆ. ಅವಳು ಹೋಗಲಿಲ್ಲ. ನನ್ನನ್ನು ದಾಟಿ, ಬಾಗಿಲು ಮುಚ್ಚಿ, ಒಳಗಿನಿಂದ ಅಗುಳಿ ಹಾಕಿದಳು. ವಠಾರದ ಸದ್ದೆಲ್ಲ ಆಚೆಗೆ ಸರಿಯಿತು. ತಿರುಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕಣ್ಣೊರೆಸಿಕೊಂಡು, ನನ್ನನ್ನು ನೇರವಾಗಿ ನೋಡಿದಳು.

"ಕೂತ್ಕೋ," ಎಂದಳು. "ನನ್ದಿನ್ನೂ ಮುಗಿದಿಲ್ಲ. ಎಂಟೂಮುಕ್ಕಾಲು ದಿನ ಇದೆ."

ಹೆದರಬೇಕೋ, ಖುಷಿಪಡಬೇಕೋ ನನಗೆ ತಿಳಿಯಲಿಲ್ಲ. ಕೂತೆ.